ಹುತ್ತದ ಅಣಬೆಗೆ ಹೆಸರಿಟ್ಟ ಕಥೆ

ಮಂಡ್ಯದ ದುದ್ದ ಕಡೆಯ ಹೊಲದ ಬದುಗಳಲ್ಲಿ, ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಗುಂಪುಗುಂಪಾಗಿ ಏಳುವುದು ಹುತ್ತದ ಅಣಬೆ. ತಿಪ್ಪೆಯ ಮೇಲೆ ಎದ್ದರೆ ಅದು ನಾಯಿಕೊಡೆ. ಜಾಗ ಒಂದನ್ನೇ ನೋಡಿ ಸಾರಿಗೆ ಹಾಕುವುದು ಅಪಾಯ, ಆ ಮಾತು ಬೇರೆ. ಆದರೆ ಅಣಬೆಯ ಹೆಸರಿಗೆ ಹುತ್ತವನ್ನು ಸೇರಿಸಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

1847ರಲ್ಲಿ ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್‌ಲಿ, ಸಿಲೋನಿನಿಂದ ಬಂದ ಇಂಥದೊಂದು ಅಣಬೆಗೆ ‘ಅಗಾರಿಕಸ್ ಯೂರೈಝಸ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ರೈಝ’ ಎಂದರೆ ಬೇರು. ಬೇರಿನಂಥ ಉದ್ದನೆಯ ಬುಡ ಅವರ ಗಮನ ಸೆಳೆದಿತ್ತು. ಅದು ಎಲ್ಲಿಗೆ ಇಳಿದಿತ್ತು ಎಂಬುದನ್ನು ಒಣಗಿದ ಮಾದರಿ ತೋರಿಸಲಾರದು. ‘ಅಗಾರಿಕಸ್’ ಎಂಬುದೂ ಆಗ ಕೊಡೆಯ ಅಡಿ ಪದರಗಳಿರುವ ಬಹುಪಾಲು ಅಣಬೆಗಳನ್ನು ತುಂಬುವ ದೊಡ್ಡ ಚೀಲ. ಮುಂದೆ ಇದೂ ಇದರ ಬಂಧುಗಳೂ ವಾಲ್ವೇರಿಯಾ, ಕೊಲಿಬಿಯಾ, ಆರ್ಮಿಲೇರಿಯಾ ಎಂದು ಮನೆ ಬದಲಿಸುತ್ತಲೇ ಹೋದವು. ಕಾರಣ ಸರಳ: ನೋಡುತ್ತಿದ್ದವರೆಲ್ಲ ನೆಲದ ಮೇಲಿನ ಕೊಡೆ, ಕಾಂಡ, ಬೀಜಕಗಳನ್ನೇ ನೋಡುತ್ತಿದ್ದರು.

ನೆಲ ಅಗೆದವರಲ್ಲಿ ಮುಖ್ಯರು ಸಿಲೋನಿನ ಪೆರಾದೆಣಿಯ ಉದ್ಯಾನದ ಟಾಮ್ ಪೆಚ್. 1906ರಲ್ಲಿ ಅವರು ಗೆದ್ದಲ ಗೂಡಿನ ಅಣಬೆಗಳ ಬಗ್ಗೆ ದೀರ್ಘ ಲೇಖನ ಬರೆದರು. ಗೆದ್ದಲುಗಳು ಅಗಿದ ಒಣಸೊಪ್ಪು, ಕಟ್ಟಿಗೆಯಿಂದ ಒಳಗೆ ಸ್ಪಂಜಿನಂಥ ಗಡ್ಡೆ ಕಟ್ಟುತ್ತವೆ. ಅದರ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡುಗಳು. ಅಣಬೆಯ ಬೇರು ಇಳಿಯುವುದು ಅಲ್ಲಿಗೇ. ಆದರೆ ಗಡ್ಡೆಯನ್ನು ಹೊರತೆಗೆದು ಗಾಜಿನಡಿ ಇಟ್ಟರೆ ಎದ್ದದ್ದು ಕ್ಸೈಲೇರಿಯಾ ಎಂಬ ಬೇರೆಯೇ ಶಿಲೀಂಧ್ರ! ಗೆದ್ದಲು ಬಿಟ್ಟುಹೋದ ತೋಟದಲ್ಲಿ ಕಳೆ ಬೆಳೆಯುತ್ತಿತ್ತು. ಈ ಗೊಂದಲ ಬಹುಕಾಲ ಉಳಿಯಿತು.

1942ರಲ್ಲಿ ಫ್ರಾನ್ಸಿನ ರೋಜರ್ ಹೀಮ್ ಈ ಅಣಬೆಗಳಿಗೆಂದೇ ‘ಟರ್ಮಿಟೊಮೈಸಿಸ್’ ಎಂಬ ಕುಲ ಕಟ್ಟಿದರು. ಅರ್ಥ, ಗೆದ್ದಲ ಅಣಬೆ. ಪ್ಯಾರಿಸ್ ಆಗ ನಾಜಿಗಳ ವಶದಲ್ಲಿತ್ತು. ಹೀಮ್ ಮುಂದೆ ಸೆರೆಶಿಬಿರಕ್ಕೂ ಹೋಗಿಬಂದರು. 1979ರಲ್ಲಿ ಮದ್ರಾಸಿನ ಕೆ. ನಟರಾಜನ್ ದಕ್ಷಿಣ ಭಾರತದ ಒಂದು ಪ್ರಭೇದವನ್ನು ವಿವರಿಸಿ, ಅವರ ಹೆಸರಿನಲ್ಲಿ ‘ಟರ್ಮಿಟೊಮೈಸಿಸ್ ಹೀಮಿ’ ಎಂದು ಕರೆದರು.

ಕುಟುಂಬದ ಜಗಳ ಡಿಎನ್‌ಎ ಬಂದ ಮೇಲೆ ಮುಗಿಯಿತು; ಈಗ ಇದು ಲಯೋಫಿಲೇಸಿಯೆಗೆ ಸೇರಿದೆ. 2002ರ ಅಧ್ಯಯನವೊಂದರ ಪ್ರಕಾರ ಗೆದ್ದಲಿನ ಈ ಬೇಸಾಯ ಶುರುವಾದದ್ದು ಒಂದೇ ಸಲ, ಆಫ್ರಿಕಾದಲ್ಲಿ. ಅಂಗಡಿಯ ಬಟನ್ ಅಣಬೆಯ ಹಾಗೆ ಇದನ್ನು ಕೊಠಡಿಯಲ್ಲಿ ಬೆಳೆದು ಮಾರುವುದು ಇನ್ನೂ ಸಾಧ್ಯವಾಗಿಲ್ಲ. ಜೆಸಿಬಿ ತಂದು ಹುತ್ತ ಕಿತ್ತು ಬದು ಸಮ ಮಾಡಿದ ಹೊಲದಲ್ಲಿ ಎಷ್ಟು ಗುಡುಗಿದರೂ ಅಣಬೆ ಏಳುವುದಿಲ್ಲ.