ಸಸಾಮೆಯುಕಿ

ಜಪಾನಿನ ಲೇಖಕ ಜುನಿಚಿರೊ ತನಿಜಾಕಿ (1886–1965) ರಚಿಸಿದ ಬೃಹತ್ ಕೌಟುಂಬಿಕ ಕಾದಂಬರಿ. ಒಸಾಕದ ಹಳೆಯ ವರ್ತಕ ಮನೆತನವಾದ ಮಕಿಯೊಕ ಕುಟುಂಬದ ನಾಲ್ವರು ಸೋದರಿಯರ ಬದುಕು ಇದರ ವಸ್ತು. ಕಥೆಯ ಕಾಲ 1936ರಿಂದ 1941. 1943ರಲ್ಲಿ 'ಚುಒ ಕೊರೊನ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಯಿತು. ಯುದ್ಧಕಾಲಕ್ಕೆ ಒಪ್ಪದ ಬರಹವೆಂದು ಸೇನಾಡಳಿತ ಅದನ್ನು ತಡೆಯಿತು. ತನಿಜಾಕಿ ಬರೆಯುವುದನ್ನು ಬಿಡಲಿಲ್ಲ. ಕೃತಿ 1948ರಲ್ಲಿ ಪೂರ್ಣಗೊಂಡಿತು. ಪಾತ್ರಗಳಿಗೆ ಲೇಖಕನ ಪತ್ನಿ ಮತ್ಸುಕೊ ಹಾಗೂ ಆಕೆಯ ಸೋದರಿಯರೇ ಮಾದರಿ.

ಹಿರಿಯಳಾದ ತ್ಸುರುಕೊ ಮೂಲಮನೆಯ ಒಡತಿ. ಎರಡನೆಯವಳಾದ ಸಚಿಕೊಳ ಅಶಿಯಾದ ಮನೆಯಲ್ಲೇ ಕಥೆಯ ಹೆಚ್ಚಿನ ಭಾಗ ನಡೆಯುತ್ತದೆ. ಮೂರನೆಯವಳಾದ, ಮಿತಭಾಷಿ ಯುಕಿಕೊಗೆ ಮೂವತ್ತು ಸಮೀಪಿಸಿದರೂ ಮದುವೆಯಾಗಿಲ್ಲ. ಅವಳಿಗೆ ಬರುವ ಸಂಬಂಧಗಳು, ಮಧ್ಯಸ್ಥರ ಓಡಾಟ, ಮನೆತನಗಳ ವಿಚಾರಣೆ, ವಧೂವರರ ಭೇಟಿಗಳೇ ಕಥೆಯ ಬೆನ್ನೆಲುಬು. ಅಕ್ಕನಿಗಿಂತ ಮೊದಲು ತಂಗಿಯ ಮದುವೆ ಸಲ್ಲದೆಂಬ ಕಟ್ಟಳೆಯಿಂದ ಕಿರಿಯಳಾದ ತಾಯೆಕೊ ಕಾಯಬೇಕಾಗುತ್ತದೆ. ಗೊಂಬೆ ತಯಾರಿಸಿ ಸ್ವಂತ ದುಡಿಮೆ ಕಂಡುಕೊಂಡ ಆಕೆಯ ಪ್ರೇಮಪ್ರಕರಣಗಳು ಮನೆಯ ಮರ್ಯಾದೆಗೆ ಸವಾಲಾಗುತ್ತವೆ.

ಆಸ್ತಿ ಕರಗಿದರೂ ಪ್ರತಿಷ್ಠೆ ಬಿಡದ ಕುಟುಂಬವನ್ನು ತನಿಜಾಕಿ ಮಮತೆಯಿಂದಲೂ ನಿಷ್ಠುರವಾಗಿಯೂ ಕಾಣುತ್ತಾನೆ. ಕ್ಯೋಟೊದ ಚೆರಿ ಹೂವಿನ ವಾರ್ಷಿಕ ವಿಹಾರ, ಮಿಂಚುಹುಳುಗಳ ಬೇಟೆ, 1938ರ ಕೋಬೆ ಪ್ರದೇಶದ ಪ್ರವಾಹ ಇವು ಪ್ರಸಿದ್ಧ ಭಾಗಗಳು; ಪ್ರವಾಹದ ವರ್ಣನೆ ವಿಶೇಷವಾಗಿ ಗಮನಾರ್ಹ. ಚೀನಾದ ಯುದ್ಧ ಹಿನ್ನೆಲೆಯಲ್ಲಷ್ಟೇ ಸುಳಿಯುತ್ತದೆ.

ಎಡ್ವರ್ಡ್ ಸೈಡನ್‌ಸ್ಟಿಕರ್ ಅವರ ಇಂಗ್ಲಿಷ್ ಅನುವಾದ 'ದಿ ಮಕಿಯೊಕ ಸಿಸ್ಟರ್ಸ್' 1957ರಲ್ಲಿ ಹೊರಬಂದಿತು. ಕೊನ್ ಇಚಿಕಾವ 1983ರಲ್ಲಿ ಕಾದಂಬರಿಯನ್ನು ಚಲನಚಿತ್ರವಾಗಿಸಿದರು.