ಊರಂಗಡಿಗೆ ಮರಳಿದ ದಾರಿ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಏನಾದರೂ ಇತಿಹಾಸ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಹೇಳಿದರು. ರಾಜ-ಮಹಾರಾಜರ ಇತಿಹಾಸ ಬರೆಯುವಷ್ಟು ಓದಿದವರು ನಾವಲ್ಲ. ಮನೆಗೆ ಉಪ್ಪು, ಸಕ್ಕರೆ, ಎಣ್ಣೆ ತರುವ ಅಂಗಡಿಗೂ ಒಂದು ಇತಿಹಾಸ ಅದ. ಅದನ್ನೇ ನಾಲ್ಕು ಮಾತಿನಲ್ಲಿ ಬರೆದಿದ್ದೇವೆ.

ನಮ್ಮ ಆಳಂದ ಭಾಗ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿತು. ಆಗ ಅಳತೆ ಎಂದರೆ ಸೇರು, ಪಾವು. ಕಿಲೋ, ಲೀಟರ್ ಬಂದದ್ದು 1956ರ ತೂಕದ ಕಾಯ್ದೆ ಆದ ಮೇಲೆ, ಹಂತಹಂತವಾಗಿ. ಹಿರಿಯರು ಹೇಳುವಂತೆ, ಜೋಳ, ತೊಗರಿ, ಕಡಲಿ ಮನೆಯವೇ ಇರುತ್ತಿದ್ದವು. ಉಪ್ಪು, ಬೆಲ್ಲಕ್ಕೆ ಸಂತೆ. ನಡುವಿನ ದಿನಗಳಿಗೆ ಊರ ಕಿರಾಣಿ ಅಂಗಡಿ. ನಾವು ಸಣ್ಣವರಿದ್ದಾಗಲೂ ಅಲ್ಲಿ ಉದ್ರಿ ವಹಿ ಇತ್ತು. “ಕಾಕಾ, ರಾಶಿ ಆದ ಮ್ಯಾಲ ಕೊಡ್ತೀವ್ರಿ” ಎಂದರೆ “ಒಯ್ಯೋ ತಮ್ಮಾ” ಎನ್ನುತ್ತಿದ್ದರು.

ಹಾಗಂತ ಊರಂಗಡಿಗಳಲ್ಲಿ ಎಲ್ಲವೂ ನೆಟ್ಟಗಿತ್ತು ಎಂದರೆ ಸುಳ್ಳಾಗುತ್ತದೆ. ಉದ್ರಿ ತಂದವರಿಗೆ ದರ ಕೇಳುವ ಬಾಯಿ ಇರಲಿಲ್ಲ. ತೂಕ ಕಮ್ಮಿಯಾದರೂ, ಬ್ಯಾಳ್ಯಾಗ ಹರಳು ಬಂದರೂ ಸುಮ್ಮನೆ ಬರಬೇಕಿತ್ತು.

ಇದು ನಮ್ಮೊಬ್ಬರ ಗೋಳಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು ಮತ್ತಿತರ ದುಡಿಯುವವರು 28 ಮಂದಿ ಸೇರಿ, ತಲಾ ಒಂದು ಪೌಂಡ್ ಕೂಡಿಸಿ, 1844ರ ಡಿಸೆಂಬರ್ 21ರಂದು ತಮ್ಮದೇ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣಬತ್ತಿ, ಇಂಥ ನಾಲ್ಕಾರು ಸರಕು ಅಷ್ಟೇ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ರಿಯೂ ಇಲ್ಲ. ಲಾಭ ಬಂದರೆ ಯಾರು ಎಷ್ಟು ಕೊಂಡರೋ ಆ ಲೆಕ್ಕದಲ್ಲಿ ಹಂಚಿಕೆ. ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾದದ್ದು ಈ ಕಿರಾಣಿ ಅಂಗಡಿಯೇ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ನಮ್ಮ ಸಂಘ ಅದೇ ಬಳ್ಳಿಯ ಒಂದು ಕುಡಿ.

ಮುಂದೆ ಕಲಬುರಗಿಯಲ್ಲಿ ದೊಡ್ಡ ದೊಡ್ಡ ಅಂಗಡಿಗಳು ಬಂದವು. ತಂಪು ಗಾಳಿ, ತಳ್ಳುವ ಗಾಡಿ, ಕೈಯಾರೆ ಆರಿಸಿಕೊಳ್ಳುವ ಅನುಕೂಲ, ಎರಡು ಕೊಂಡರೆ ಒಂದು ಪುಕ್ಕಟೆ. ಸುಮಾರು 40 ಕಿ.ಮೀ. ಹೋಗಿ ತಿಂಗಳ ಸಾಮಾನು ತರುವುದು ನಮ್ಮ ಮನೆಯಲ್ಲೂ ರೂಢಿಯಾಯಿತು. ಒಮ್ಮೆ ಚೀಲ ಬಿಚ್ಚಿದಾಗ ನಮ್ಮ ತಾಯಿಯವರು ಬ್ಯಾಳಿ ಪಾಕೀಟು ಹಿಡಿದು, “ಇದು ನಮ್ಮ ಹೊಲದ ತೊಗರಿನೇ ಅಲ್ಲೇನೋ?” ಎಂದರು. ಆ ಪಾಕೀಟು ಯಾರ ಹೊಲದ್ದೋ ಹೇಳಲಾಗದು. ಆದರೆ ನಾವು ಮಾರಿದ ತೊಗರಿ ಮಿಲ್ಲಿಗೆ ಹೋಗಿ ಬ್ಯಾಳಿಯಾಗಿ, ಪಾಕೀಟಾಗಿ, ಹೆಚ್ಚಿನ ದರಕ್ಕೆ ನಮಗೇ ಬರುವುದು ಖರೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೆಸರು ನಮ್ಮದು, ನಡುವಿನ ಲಾಭ ಇನ್ನೊಬ್ಬರದು.

2020ರ ಮಾರ್ಚ್ ಬಂತು. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯ ಹಿರಿಯರೊಬ್ಬರದು. ಅದೇ ತಿಂಗಳ 25ರಿಂದ ದೇಶವೇ ಲಾಕ್‌ಡೌನ್. ಬಸ್ಸಿಲ್ಲ, ಕೈಯಲ್ಲಿ ರೊಕ್ಕವಿಲ್ಲ. ವರ್ಷಗಟ್ಟಲೆ ಹತ್ತದಿದ್ದ ಊರಂಗಡಿ ಕಟ್ಟೆಗೆ ಹೋಗಿ ತಲೆ ಬಗ್ಗಿಸಿ ನಿಂತೆವು. “ಇಷ್ಟು ದಿನ ಎಲ್ಲಿದ್ರಿ?” ಎಂದು ಕಾಕಾ ಕೇಳಲಿಲ್ಲ. ಹಳೇ ವಹಿ ತೆಗೆದು ಹೆಸರು ಬರೆದುಕೊಂಡರು. ಕೇಳಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅಂದಿನಿಂದ ನಮ್ಮ ಮನೆಯ ತಿಂಗಳ ಸಾಮಾನು ಊರಿನಲ್ಲೇ. ಕೆಲವು ಸರಕಿಗೆ ಎರಡು ರೂಪಾಯಿ ಹೆಚ್ಚಾಗುತ್ತದೆ, ನಿಜ. ಹೋಗಿ ಬರುವ ಖರ್ಚು, ಬೇಡದ್ದನ್ನು ಕೊಳ್ಳುವ ಚಪಲ ಎರಡೂ ಉಳಿದಿವೆ. ಅಷ್ಟಕ್ಕೂ ಕಷ್ಟ ಬಂದಾಗ ಮಾತ್ರ ಹೋಗುವ ಅಂಗಡಿ ಕಷ್ಟ ಬರುವತನಕ ಬದುಕಿರಬೇಕಲ್ಲ?

ಅಂಗಡಿಯವರು ತೂಕ ಸರಿ ಇಡಲಿ, ದರದ ಹಲಗೆ ಹಚ್ಚಲಿ. ನಾವು ರಾಶಿಯಾದ ಕೂಡಲೇ ಉದ್ರಿ ಮುಟ್ಟಿಸೋಣ. ಸದಸ್ಯರ ತೊಗರಿಯನ್ನು ಬ್ಯಾಳಿ ಮಾಡಿಸಿ, ಸಂಘದ ಮೂಲಕ ಊರಂಗಡಿಗಳಿಗೇ ಕೊಡಲಾದೀತೇ ಎಂಬುದನ್ನು ಬರುವ ಮಹಾಸಭೆಯಲ್ಲಿ ಎಲ್ಲರೂ ಕೂತು ವಿಚಾರ ಮಾಡೋಣ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇವೆ.