ಮನೆ ಕೊಳ್ಳುವವರು ಏನು ನೋಡ್ತಾರೆ? ಬಾವಿಯಿಂದ ಖಾತೆವರೆಗಿನ ಕಥೆ

ನಮ್ಮ ತಾಲ್ಲೂಕು ಕೇಂದ್ರದ ಸುತ್ತ ಈಗ ರಾಗಿ ಹೊಲಕ್ಕಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಭಾನುವಾರ ಬಂತೆಂದರೆ ಹಳ್ಳಿಗಳಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದು ಮನೆ, ಸೈಟು ನೋಡಿಕೊಂಡು ಹೋಗುತ್ತಾರೆ. ಬಾಗಿಲು ಯಾವ ದಿಕ್ಕಿಗೆ? ನೀರು ಹೇಗೆ? ರಸ್ತೆ ಎಷ್ಟು ಅಗಲ? ಖಾತೆ ಆಗಿದೆಯಾ? ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇದನ್ನೇ.

ಈ ಪ್ರಶ್ನೆಗಳೆಲ್ಲ ಒಂದೇ ಸಲ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಹಿಂದಿನವರು ಪಟ್ಟ ಪಾಡಿದೆ.

ನಮ್ಮ ಅಜ್ಜಂದಿರು ಮನೆ ಕೊಂಡಿದ್ದು ಕಡಿಮೆ. ಕಟ್ಟಿಕೊಂಡರು, ಇಲ್ಲವೇ ಭಾಗದಲ್ಲಿ ಪಡೆದರು. ಸಿಹಿನೀರಿನ ಬಾವಿ ಹತ್ತಿರ ಇರಬೇಕು, ದನಕ್ಕೆ ಕೊಟ್ಟಿಗೆ ಇರಬೇಕು, ಹಿತ್ತಲು ಇರಬೇಕು, ನಾಲ್ಕು ಜನ ಕೂರಲು ಜಗುಲಿ ಇರಬೇಕು. ಜಾಗ ಯಾರದ್ದು ಎಂದು ಊರಿಗೇ ಗೊತ್ತಿತ್ತು. ಕಾಗದ ಕೇಳುವ ಪ್ರಸಂಗ ಬರುತ್ತಿದ್ದುದು ಅಪರೂಪ.

ಪೇಟೆಯ ಕಥೆ ಬೇರೆ. ಬೆಂಗಳೂರಿನ ಹಳೇ ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಸಣ್ಣ ಸಣ್ಣ ಓಣಿಗಳು. 1898ರಲ್ಲಿ ಅಲ್ಲಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟೇ ಇದಕ್ಕೆ ಕಾರಣ ಎಂದು ಆಗಿನ ಆಡಳಿತ ನಂಬಿತ್ತು. ಮೊದಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಆಮೇಲೆ ಚುರುಕಾಯಿತು. ನೇರ ರಸ್ತೆ, ಅಳತೆಯ ಸೈಟು, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕಸ ಮತ್ತು ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ. ಮೈಸೂರಿನಲ್ಲೂ 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಳಿ ಆಯಿತು. ‘ರಸ್ತೆ ಎಷ್ಟು ಅಗಲ, ಗಾಳಿ ಬರುತ್ತಾ’ ಎಂದು ಇವತ್ತು ಕೇಳುವವರ ಬೆನ್ನಿಗೆ ಆ ಪ್ಲೇಗಿನ ಭಯವೂ ಇದೆ.

ಆಮೇಲೆ ನೀರು, ದೀಪ. 1896ರ ಹೊತ್ತಿಗೆ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂತು. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹತ್ತಿತು. ಊರು ಬೆಳೆದಂತೆ ಆ ನೀರು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ತರಬೇಕಾಯಿತು. ‘ಕಾವೇರಿ ಕನೆಕ್ಷನ್ ಇದೆ’ ಅನ್ನುವುದೇ ಮನೆಯ ಬೆಲೆ ಏರಿಸುವ ಮಾತಾಯಿತು.

ಕೊನೆಗೆ ಬಂದದ್ದು ಕಾಗದ. ಊರುಗಳು ಹೊಲದ ಮೇಲೆ ಹಬ್ಬಿದಾಗ ಈ ಪ್ರಶ್ನೆ ದೊಡ್ಡದಾಯಿತು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಗುವಳಿ ಜಮೀನಿನಲ್ಲಿ ಮನೆ ಕಟ್ಟಿ ಮಾರಬೇಕಾದರೆ ಭೂಪರಿವರ್ತನೆ ಆಗಬೇಕು. ಅದಿಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ್ದಕ್ಕೇ ಜನ ‘ರೆವಿನ್ಯೂ ಸೈಟು’ ಅನ್ನುವುದು.

ನಾವು ಮಾತಾಡಿಸಿದ ಒಂದು ಕುಟುಂಬ ಒಡವೆ, ಎರಡು ಎಮ್ಮೆ ಮಾರಿ 30–40ರ ಸೈಟು ಕೊಂಡಿತ್ತು. ದಿಕ್ಕು ನೋಡಿದ್ದರು, ನೀರು ನೋಡಿದ್ದರು, ಪೂಜೆಯೂ ಆಗಿತ್ತು. ಕೈಯಲ್ಲಿದ್ದದ್ದು ಮಾತ್ರ ಜಿಪಿಎ ಮತ್ತು ಛಾಪಾಕಾಗದದ ಕರಾರು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ವಾಪಸ್ ಕೊಟ್ಟರು. ‘ಎಲ್ಲಾ ನೋಡಿದ್ವಿ ಸಾರ್, ಇದೊಂದು ನೋಡ್ಲಿಲ್ಲ’ ಎಂದರು ಆ ಮನೆಯ ಯಜಮಾನರು.

ಜಿಪಿಎ ಎಂದರೆ ಒಬ್ಬರ ಪರವಾಗಿ ಕೆಲಸ ಮಾಡಲು ಕೊಟ್ಟ ಅಧಿಕಾರ ಅಷ್ಟೇ. ಅದರಿಂದ ಆಸ್ತಿಯ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

2013ರಿಂದ ಪಂಚಾಯ್ತಿ ಆಸ್ತಿಗಳು ಇ-ಸ್ವತ್ತಿಗೆ ಬರತೊಡಗಿದವು. ನಮೂನೆ 9 ಮತ್ತು 11ಎ ಇದ್ದರೆ ಅದು ಕ್ರಮಬದ್ಧ ಆಸ್ತಿಯ ಲೆಕ್ಕದಲ್ಲಿದೆ. 11ಬಿ ಎಂದಿದ್ದರೆ ಮುಂಗಡ ಕೊಡುವ ಮೊದಲೇ ವಿಚಾರಿಸಿ. ನೆನಪಿರಲಿ, ಖಾತೆ ಕಂದಾಯ ಕಟ್ಟಲು ಇರುವ ದಾಖಲೆ, ಅದೊಂದರಿಂದಲೇ ಒಡೆತನ ಸಾಬೀತಾಗದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸಿದರೆ ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ಕಾಣುತ್ತದೆ.

ಇನ್ನೊಂದು ಮಾತು. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಮಾರುವವರ ಅಕ್ಕತಂಗಿಯರ ಸಹಿ ಇದೆಯಾ ಎಂದು ಕೇಳಿ. ಕೇಳದೆ ಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆದವರಿದ್ದಾರೆ.

ನೀರು, ಗಾಳಿ, ದಿಕ್ಕು ನೋಡಲು ನಮ್ಮ ಹಿರಿಯರು ಕಲಿಸಿದ್ದಾರೆ. ಕಾಗದ ನೋಡುವುದನ್ನು ನಾವೇ ಕಲಿಯಬೇಕಾಗಿದೆ. ಮುಂದಿನ ಭಾನುವಾರ ಸೈಟು ನೋಡಲು ಹೊರಟರೆ ಮನೆಯಲ್ಲಿ ಓದಿರುವ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾಗದ ಅವಳ ಕೈಗೆ ಕೊಡಿ, ಓದಿ ಮುಗಿಸುವವರೆಗೆ ಮುಂಗಡ ಜೇಬಿನಲ್ಲೇ ಇರಲಿ.